ಮೇ ತಿಂಗಳ ವಾರ್ಷಿಕೋತ್ಸವಕ್ಕೆ ಜೋಗ ಸರಿನಾ, ಮಳೆಗಾಲಕ್ಕೆ ಕಾಯಬೇಕಾ?

ತುಮಕೂರು ಗೃಹಿಣಿ

ಎಲ್ಲರಿಗೂ ನಮಸ್ಕಾರ. ಮೇ ಎರಡನೇ ವಾರಕ್ಕೆ ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತದೆ. ಮಕ್ಕಳು ಛತ್ರ ಮಾಡಿ ಎಲ್ಲರಿಗೂ ಊಟ ಹಾಕಿಸೋಣ ಅಂತಿದ್ದಾರೆ. ನಮಗಿಬ್ಬರಿಗೂ ಅದು ಬೇಡ. ಇಬ್ಬರೇ ಎಲ್ಲಾದರೂ ಹೋಗಿ ಎರಡು ರಾತ್ರಿ ಉಳಿದು ಬರೋಣ ಅನ್ನಿಸಿದೆ. ಎಲ್ಲಿಗೆ ಅಂತ ಕೇಳಿದ್ದಕ್ಕೆ ನಮ್ಮನೆಯವರು ಥಟ್ಟನೆ ಜೋಗ ಅಂದರು. ಅವರು ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ಆಪರೇಟರ್. ಶರಾವತಿ ಲೈನ್ ಅಂತ ಇಷ್ಟು ವರ್ಷ ರಿಜಿಸ್ಟರ್‌ನಲ್ಲಿ ಬರೆದವರು. ಆದರೆ ಆ ನದಿಯನ್ನು ಒಮ್ಮೆಯೂ ಕಣ್ಣಾರೆ ನೋಡಿಲ್ಲ.

ಕೇಳಬೇಕಾದದ್ದು ಇಷ್ಟು. ಮೇನಲ್ಲಿ ನೀರು ಇರುತ್ತದಾ? ನನಗೆ ಮಂಡಿ ನೋವು, ಮೆಟ್ಟಿಲು ಇಳಿಯೋಕೆ ಆಗಲ್ಲ. ಇಳಿಯದೆಯೂ ಚೆನ್ನಾಗಿ ಕಾಣುತ್ತದಾ? ಕಾರು ಇಲ್ಲ, ರೈಲಿನಲ್ಲಿ ಹೋಗಬಹುದಾ? ಗಲಾಟೆ ಇಲ್ಲದ ಕಡೆ ಉಳಿಯೋಕೆ ಜಾಗ ಇದ್ದರೆ ಹೇಳಿ.

ದಾವಣಗೆರೆ ಬೆಣ್ಣೆದೋಸೆ

ಮೇಡಂ, ಮೊದಲು ಅಭಿನಂದನೆಗಳು. ಮೇನಲ್ಲಿ ಮಾತ್ರ ಬೇಡ. ಬರೀ ಬಂಡೆ ನೋಡಿ ಬರಬೇಕಾಗುತ್ತದೆ. ಎರಡು ಬಿಳಿ ಎಳೆ ಕಂಡರೆ ಅದೇ ಹೆಚ್ಚು. 25 ವರ್ಷದ ಸಂಭ್ರಮಕ್ಕೆ ಅಷ್ಟು ದೂರ ಹೋಗಿ ಬೇಜಾರು ಮಾಡಿಕೊಳ್ಳಬೇಡಿ.

ತಾಳಗುಪ್ಪದವನು

ನಾನು ಇಲ್ಲೇ ಹತ್ತಿರದವನು, ನೋಡಿದ್ದನ್ನೇ ಹೇಳುತ್ತೇನೆ ಅಕ್ಕ.

ಜೋಗದ ಎತ್ತರ 253 ಮೀಟರ್. ನೀರು ನಾಲ್ಕು ಕಡೆ ಬೀಳುತ್ತದೆ. ನಮ್ಮ ಕಡೆಯ, ಅಂದರೆ ಸಾಗರದ ಕಡೆಯ ವೀಕ್ಷಣಾ ಸ್ಥಳದಲ್ಲಿ ನಿಂತರೆ ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ರಾಜ ಎಲ್ಲೂ ಬಂಡೆ ತಾಗದೆ ಮೇಲಿಂದ ಕೆಳಗಿನವರೆಗೆ ಒಂದೇ ಧಾರೆಯಾಗಿ ಇಳಿಯುತ್ತದೆ. ಪಕ್ಕದ ರೋರರ್ ಬಂಡೆಯ ಪೊಟರೆಗೆ ಬಿದ್ದು, ಅಲ್ಲಿಂದ ಅಬ್ಬರಿಸುತ್ತ ಹೋಗಿ ರಾಜನನ್ನು ಸೇರುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಇಳಿಯುತ್ತದೆ. ರಾಣಿ ಬಂಡೆಯ ಮೇಲೆ ನೊರೆಯಾಗಿ ಹರಡಿಕೊಂಡು ಬರುತ್ತದೆ. ಈ ನಾಲ್ಕರ ವ್ಯತ್ಯಾಸ ಗೊತ್ತಾಗಬೇಕಾದರೆ ನೀರು ಬೇಕು. ಮೇ ತಿಂಗಳಲ್ಲಿ ನಾಲ್ಕೂ ಸೊರಗಿರುತ್ತವೆ. ಕೆಲವು ವರ್ಷ ಒಂದೆರಡು ಪೂರ್ತಿ ನಿಂತೇ ಹೋಗಿರುತ್ತವೆ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಜೋಗದಿಂದ ಸುಮಾರು 6 ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಕಟ್ಟಿದ್ದು. ಶರಾವತಿಯ ನೀರೆಲ್ಲ ಅಲ್ಲಿ ನಿಂತು ವಿದ್ಯುತ್ತಿಗೆ ಹೋಗುತ್ತದೆ. ಜೋಗಕ್ಕೆ ತುಂಬು ನೀರು ಬರುವುದು ಎರಡು ಸಂದರ್ಭದಲ್ಲಿ. ಒಂದು, ಅಣೆಕಟ್ಟು ತುಂಬಿ ಗೇಟ್ ತೆಗೆದಾಗ. ಇದು ಪ್ರತಿ ವರ್ಷ ಆಗುವುದಿಲ್ಲ. ಇನ್ನೊಂದು, ಅಣೆಕಟ್ಟಿನ ಕೆಳಗೆ ಜೋಗದವರೆಗಿನ ಕಾಡಿನಲ್ಲಿ ಜೋರು ಮಳೆ ಬಂದು ಹಳ್ಳಗಳು ತುಂಬಿ ಹರಿದಾಗ. ಇದು ಜುಲೈ, ಆಗಸ್ಟ್‌ನಲ್ಲಿ ಹೆಚ್ಚುಕಡಿಮೆ ಖಾತ್ರಿ. ಗೇಟ್ ತೆಗೆದ ಮೇಲೇ ಹೋಗಬೇಕು ಅಂತ ತುಂಬ ಜನ ಕಾಯುತ್ತಾರೆ. ಹಾಗೇನಿಲ್ಲ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಸರಿಯಾಗಿ ಹಿಡಿದರೆ ಗೇಟ್ ಮುಚ್ಚಿದ್ದರೂ ಜೋಗ ನೋಡುವ ಹಾಗಿರುತ್ತದೆ.

ಮಂಡಿ ನೋವಿಗೆ ಹೆದರಬೇಡಿ. ಕೆಳಗಿನ ಗುಂಡಿಗೆ ಹೋಗೋಕೆ ಸುಮಾರು 1400 ಮೆಟ್ಟಿಲು. ಮಳೆಗಾಲದಲ್ಲಿ ಅದನ್ನು ಮುಚ್ಚಿರುತ್ತಾರೆ, ಯಾರೂ ಇಳಿಯುವಂತಿಲ್ಲ. ಮೇಲೆ ನಿಂತೇ ನಾಲ್ಕೂ ಎದುರಿಗೆ ಕಾಣುತ್ತವೆ.

ಹುಬ್ಬಳ್ಳಿ ಬುಲೆಟ್

ಬೆಣ್ಣೆದೋಸೆಯವರೇ, ಮಳೆಗಾಲದಲ್ಲಿ ಹೋಗಿ ಬರೀ ಮಂಜು ನೋಡಿ ವಾಪಸ್ ಬಂದವರು ಎಷ್ಟು ಜನ ಇದ್ದಾರೆ ಗೊತ್ತೇನ್ರಿ? ಬೆಳಿಗ್ಗೆ ಬಂದು, ಹತ್ತು ನಿಮಿಷ ನಿಂತು, ಏನೂ ಕಾಣಲಿಲ್ಲ ಅಂತ ಬೈದುಕೊಂಡು ಮುರುಡೇಶ್ವರಕ್ಕೆ ಹೊರಟುಬಿಡುತ್ತಾರೆ.

ಅಕ್ಕಾರೆ, ಮೇ ತಿಂಗಳಿಗೂ ಅದರದೇ ಚೆಂದ ಇದೆ. ಆ ಬಂಡೆಯ ಗೋಡೆ ಎಷ್ಟು ಕಡಿದಾಗಿದೆ, ಎಷ್ಟು ಅಗಲ ಇದೆ ಅಂತ ತಿಳಿಯುವುದು ನೀರು ಕಡಿಮೆ ಇದ್ದಾಗಲೇ. ಮಳೆಗಾಲದಲ್ಲಿ ಮುಕ್ಕಾಲು ಭಾಗ ಮುಚ್ಚಿರುತ್ತದೆ. ಕಾಲು ಗಟ್ಟಿ ಇದ್ದವರು ಬೇಸಿಗೆಯಲ್ಲಿ ಗುಂಡಿಯವರೆಗೆ ಇಳಿದು ತಲೆ ಎತ್ತಿ ನೋಡಬಹುದು. ನೀವು ಇಳಿಯಲ್ಲ ಅಂದಿರಿ, ಹಾಗಾಗಿ ನಿಮಗೆ ಅದು ಇಲ್ಲ. ಆದರೂ ಮದುವೆಯ ದಿನ ಅಂದರೆ ಆ ದಿನವೇ ಅಲ್ವಾ? ಅದನ್ನು ಮೂರು ತಿಂಗಳು ಮುಂದಕ್ಕೆ ಹಾಕೋದು ನನಗೆ ಸರಿ ಕಾಣಲ್ಲ.

ಸಾಗರದ ಅಕ್ಕ

ದಿನ ಮುಂದಕ್ಕೆ ಹಾಕಬೇಕಾಗಿಲ್ಲ. ಆ ದಿನ ಮನೆಯ ಹತ್ತಿರದ ದೇವಸ್ಥಾನಕ್ಕೆ ಹೋಗಿ ಬನ್ನಿ, ಮಕ್ಕಳ ಜೊತೆ ಊಟ ಮಾಡಿ. ಪ್ರಯಾಣ ಮಾತ್ರ ಮಳೆಗಾಲಕ್ಕೆ ಇಡಿ. ನಮ್ಮ ಕಡೆ ಹೆಚ್ಚಿನ ಮದುವೆ ಆಗೋದು ಏಪ್ರಿಲ್, ಮೇನಲ್ಲೇ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಮಳೆ ಶುರುವಾಗಿರುವುದಿಲ್ಲ. ಹಾಗಾಗಿ ಇಲ್ಲಿ ಯಾರ ವಾರ್ಷಿಕೋತ್ಸವಕ್ಕೂ ಜೋಗದಲ್ಲಿ ನೀರು ಇರಲ್ಲ. ನಾವು ಆಶ್ಲೇಷ ಮಳೆ ಹೊತ್ತಿಗೆ ಹೋಗಿ ಬರುತ್ತೇವೆ.

ಇನ್ನೊಂದು ಮಾತು. ಜೋಗ ಒಂದನ್ನೇ ನೋಡಿ ಓಡಬೇಡಿ. ಸಾಗರದ ಪಕ್ಕದಲ್ಲೇ ಇಕ್ಕೇರಿ ಇದೆ. ಕೆಳದಿ ಅರಸರು ಕಟ್ಟಿಸಿದ ಅಘೋರೇಶ್ವರ ದೇವಸ್ಥಾನ. ಎದುರಿಗೆ ಪ್ರತ್ಯೇಕ ಮಂಟಪದಲ್ಲಿ ದೊಡ್ಡ ನಂದಿ. ಮಳೆ ಬರುವಾಗ ಆ ಕಲ್ಲಿನ ಜಗಲಿಯಲ್ಲಿ ಕೂತರೆ ಏಳೋಕೆ ಮನಸ್ಸಾಗಲ್ಲ. ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ಸೂರಿನ ಕಲ್ಲಿಗೆ ಕೆತ್ತಿದ ಗಂಡಭೇರುಂಡ ಇದೆ, ಕತ್ತೆತ್ತಿ ನೋಡಲೇಬೇಕು. ಭೀಮನಕೋಣೆಯಲ್ಲಿ ಚರಕ ಅನ್ನುವ ನೇಕಾರರ ಸಂಸ್ಥೆ ಇದೆ, ಅಲ್ಲಿ ಕೈಮಗ್ಗದ ಸೀರೆ ಸಿಗುತ್ತದೆ. 25ನೇ ವರ್ಷಕ್ಕೆ ನಿಮ್ಮವರ ಕೈಯಲ್ಲಿ ಒಂದು ಕೊಡಿಸಿಕೊಳ್ಳಿ.

ಟೊರಾಂಟೊ ಕನ್ನಡತಿ

ಈ ಚರ್ಚೆ ಓದಿ ಬರೆಯದೆ ಇರೋಕೆ ಆಗಲಿಲ್ಲ. ನಮಗೆ ನಯಾಗರ ಹತ್ತಿರ. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಯಾರು ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಎಲ್ಲೆಲ್ಲಿಂದಲೋ ಜೋಡಿಗಳು ಬರುತ್ತಾರೆ, ಹೊಸದಾಗಿ ಮದುವೆಯಾದವರು, 50 ವರ್ಷ ಆದವರು. ಅಲ್ಲಿ ಯಾರೂ ನೀರು ಇದೆಯಾ ಅಂತ ಕೇಳಿಕೊಂಡು ಬರಲ್ಲ. ಇದ್ದೇ ಇರುತ್ತದೆ.

ಆದರೆ ಅಲ್ಲೂ ನೀರನ್ನು ವಿದ್ಯುತ್ತಿಗೆ ತಿರುಗಿಸುತ್ತಾರೆ ಅನ್ನೋದು ತುಂಬ ಜನಕ್ಕೆ ಗೊತ್ತಿಲ್ಲ. ಕೆನಡಾ ಮತ್ತು ಅಮೆರಿಕ 1950ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರವಾಸಿಗರು ನೋಡುವ ಹೊತ್ತಿನಲ್ಲಿ ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರನ್ನು ಜಲಪಾತಕ್ಕೆ ಬಿಡಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಕ್ಯೂಸೆಕ್ ಬಿಟ್ಟರೆ ಸಾಕು. ಮಿಕ್ಕಿದ್ದು ಎರಡೂ ದೇಶಗಳ ವಿದ್ಯುತ್ತಿಗೆ. ಅಂದರೆ ನಾವು ಹಗಲು ನೋಡುವ ನಯಾಗರ ಲೆಕ್ಕ ಹಾಕಿ ಬಿಟ್ಟ ನೀರು.

ಎತ್ತರದಲ್ಲಿ ಜೋಗ ಅದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಇಲ್ಲಿನ ಗೆಳತಿಯರಿಗೆ ಇದನ್ನು ಹೇಳುವಾಗ ನನಗೆ ತುಂಬ ಹೆಮ್ಮೆ. ಹಾಗೇ ಒಂದು ಆಸೆ. ನಮ್ಮ ಜೋಗಕ್ಕೂ ಹೀಗೆ ಇಷ್ಟು ನೀರು ಬಿಡಲೇಬೇಕು ಅಂತ ನಿಯಮ ಯಾಕೆ ಮಾಡಬಾರದು?

ದಾವಣಗೆರೆ ಬೆಣ್ಣೆದೋಸೆ

ಸರಿಯಾಗಿ ಹೇಳಿದಿರಿ. ಕರೆಂಟಿಗೋಸ್ಕರ ಜೋಗವನ್ನೇ ಒಣಗಿಸಿಬಿಟ್ಟರು. ವಾರಕ್ಕೆ ಒಂದು ದಿನವಾದರೂ ನೀರು ಬಿಡಲಿ.

ಕಾರ್ಗಲ್ ಕಾಲೋನಿ

ನಾನು ಹುಟ್ಟಿ ಬೆಳೆದದ್ದು ಜೋಗದ ಪಕ್ಕದ ಕಾರ್ಗಲ್‌ನಲ್ಲಿ. ಅಪ್ಪ ಇಲ್ಲಿನ ವಿದ್ಯುದಾಗಾರದಲ್ಲೇ ಕೆಲಸ ಮಾಡಿದವರು. ನಯಾಗರದ ಹೋಲಿಕೆಗೆ ಉತ್ತರ ಕೊಡಬೇಕು ಅನ್ನಿಸಿತು.

ನಯಾಗರಕ್ಕೆ ನೀರು ಬರುವುದು ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ ಎಂಬ ನಾಲ್ಕು ಮಹಾ ಸರೋವರಗಳಿಂದ. ವರ್ಷವಿಡೀ ಹರಿವು ಹೆಚ್ಚುಕಡಿಮೆ ಒಂದೇ ಸಮ. ನಮ್ಮ ಶರಾವತಿ ಹಾಗಲ್ಲ. ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಹೊತ್ತಿಗೆ ಅದರ ಉದ್ದ ಸುಮಾರು 130 ಕಿಲೋಮೀಟರ್ ಅಷ್ಟೇ. ಅದರ ನೀರೆಲ್ಲ ಮಳೆಗಾಲದ ನಾಲ್ಕು ತಿಂಗಳದ್ದು. ಅಣೆಕಟ್ಟು ಇಲ್ಲದ ಕಾಲದಲ್ಲೂ ಬೇಸಿಗೆಯಲ್ಲಿ ಜೋಗ ಸಣ್ಣದಾಗುತ್ತಿತ್ತು. ಅಣೆಕಟ್ಟು ಅದನ್ನು ಇನ್ನೂ ಸಣ್ಣ ಮಾಡಿತು, ಅದು ನಿಜ, ಅಲ್ಲಗಳೆಯುವುದಿಲ್ಲ.

ಆದರೆ ಆ ನೀರು ಎಲ್ಲಿ ಹೋಗುತ್ತದೆ ನೋಡಿ. ಲಿಂಗನಮಕ್ಕಿಯಲ್ಲಿ 151 ಟಿಎಂಸಿಗೂ ಹೆಚ್ಚು ನೀರು ನಿಲ್ಲುತ್ತದೆ. ಅಣೆಕಟ್ಟಿನ ಬುಡದಲ್ಲೇ 55 ಮೆಗಾವ್ಯಾಟ್‌ನ ಘಟಕ. ಅಲ್ಲಿಂದ ಕಾಲುವೆಯಲ್ಲಿ ತಳಕಳಲೆಯ ಸಣ್ಣ ಜಲಾಶಯಕ್ಕೆ. ತಳಕಳಲೆಯಿಂದ ಕೊಳವೆಗಳಲ್ಲಿ ಘಟ್ಟ ಇಳಿದು ಶರಾವತಿ ವಿದ್ಯುದಾಗಾರಕ್ಕೆ. ಅಲ್ಲಿ 10 ಯಂತ್ರ, ಒಟ್ಟು 1035 ಮೆಗಾವ್ಯಾಟ್. ಅದೇ ನೀರು ಮತ್ತೆ ಗೇರುಸೊಪ್ಪೆಯಲ್ಲಿ ನಿಂತು 240 ಮೆಗಾವ್ಯಾಟ್ ಕೊಡುತ್ತದೆ. ಇದೆಲ್ಲಕ್ಕೂ ಮೊದಲು, 1948ರಲ್ಲೇ, ಜೋಗದ ಕಣಿವೆಯಲ್ಲಿ ಒಂದು ವಿದ್ಯುದಾಗಾರ ಶುರುವಾಗಿತ್ತು. ಈಗ ಅದಕ್ಕೆ ಮಹಾತ್ಮ ಗಾಂಧಿ ಹೆಸರು. ಈಗಲೂ ನಡೆಯುತ್ತಿದೆ.

ಒಂದೇ ನೀರು ಇಷ್ಟು ಕಡೆ ದುಡಿಯುತ್ತದೆ. ಜೋಗದ ಮೇಲಿಂದ ಸುಮ್ನೆ ಬಿಟ್ಟ ನೀರು ನಡುವಿನ ದೊಡ್ಡ ವಿದ್ಯುದಾಗಾರವನ್ನು ತಪ್ಪಿಸಿಕೊಂಡು ಹೋಗುತ್ತದೆ. ಬೇಸಿಗೆಯ ಒಂದು ಭಾನುವಾರಕ್ಕೆ ಅಂತ ಬಿಟ್ಟರೂ ಅದರ ಬೆಲೆ ದೊಡ್ಡದು. ಸಂಜೆ ಎಲ್ಲರ ಮನೆಯಲ್ಲೂ ಒಟ್ಟಿಗೆ ಸ್ವಿಚ್ ಹಾಕಿದಾಗ ಬೇಡಿಕೆ ಒಮ್ಮೆಲೇ ಏರುತ್ತದೆ. ಕಲ್ಲಿದ್ದಲಿನ ಘಟಕ ಅಷ್ಟು ಬೇಗ ಏರಿಸೋಕೆ ಆಗಲ್ಲ. ನೀರಿನ ಯಂತ್ರವನ್ನು ನಿಮಿಷಗಳಲ್ಲಿ ಶುರು ಮಾಡಬಹುದು. ಮೇಡಂ ಅವರ ಯಜಮಾನರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಜೋಗ ನೋಡಬೇಕು ಅಂದದ್ದು ಓದಿ ನಿಜಕ್ಕೂ ಖುಷಿಯಾಯಿತು.

ಹಿನ್ನೀರಿನ ಮಗಳು

ಕಾರ್ಗಲ್ ಅಣ್ಣ ಹೇಳಿದ ಲೆಕ್ಕ ಸರಿ. ಅದರಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ನಮ್ಮ ಊರು.

ನಮ್ಮ ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಲಿಂಗನಮಕ್ಕಿಯ ನೀರಿನಡಿ ಇವೆ. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಹಾಗೆ ಹೋದವು. ಮುಳುಗಡೆಯವರು ಅಂತಲೇ ನಮಗೆ ಹೆಸರು. ಶಿವಮೊಗ್ಗ ಕಡೆಯ ಕಾಡಿನಲ್ಲಿ ಜಾಗ ತೋರಿಸಿ ಇಳಿಸಿದರು. ಆ ಜಮೀನಿನ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿರುವ ಮನೆಗಳಿವೆ. ಊರು ಬಿಟ್ಟ ಅಜ್ಜನ ಮನೆಗೆ ಕರೆಂಟ್ ಬಂದದ್ದು ಅಣೆಕಟ್ಟು ಕಟ್ಟಿ ಎಷ್ಟೋ ಕಾಲದ ಮೇಲೆ. ಅಜ್ಜಿ ಚಿಮಣಿ ದೀಪದಲ್ಲೇ ಅಡುಗೆ ಮಾಡಿದ್ದನ್ನು ಅಮ್ಮ ಈಗಲೂ ಹೇಳುತ್ತಾರೆ.

ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ್ದು ಅದು. ಲಿಂಗನಮಕ್ಕಿ ಆದಾಗ ಅದೂ ಮುಳುಗಿತು. ಹೆಚ್ಚಾದ ನೀರನ್ನು ತಾನಾಗಿಯೇ ಹೊರಹಾಕಲು ಇಂಜಿನಿಯರ್ ಗಣೇಶ್ ಅಯ್ಯರ್ ಅವರು ರೂಪಿಸಿದ ಸೈಫನ್‌ಗಳು ಅದರಲ್ಲಿ ಇನ್ನೂ ನಿಂತಿವೆ. ಅದು ಕಾಣಿಸಿಕೊಂಡಾಗ ಜನ ಫೋಟೋ ತೆಗೆಯೋಕೆ ಹೋಗುತ್ತಾರೆ. ನಮ್ಮ ಅಮ್ಮ ಫೋಟೋ ತೆಗೆಯಲ್ಲ. ನೀರು ಇಳಿದ ಕಡೆ ನಿಂತು ನಮ್ಮ ತೋಟ ಎಲ್ಲಿತ್ತು ಅಂತ ತೋರಿಸುತ್ತಾರೆ.

ಜೋಗಕ್ಕೆ ಹೋಗಬೇಡಿ ಅನ್ನುತ್ತಿಲ್ಲ. ಖಂಡಿತ ಹೋಗಿ. ಹೋಗುವ ದಾರಿಯಲ್ಲಿ ಈ ಹಿನ್ನೀರನ್ನೂ ಒಂದು ಗಳಿಗೆ ನಿಂತು ನೋಡಿ ಅಂತ ಕೇಳುತ್ತೇನೆ. ಹೊನ್ನೆಮರಡುವಿನಿಂದ ಚೆನ್ನಾಗಿ ಕಾಣುತ್ತದೆ. ಸಿಗಂದೂರಿಗೆ ಹೋಗುವುದಾದರೆ ಈಗ ಲಾಂಚ್‌ಗೆ ಕಾಯಬೇಕಾಗಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದಿದೆ. ಆಸ್ಪತ್ರೆಗೆ ಹೋಗೋಕೂ ಲಾಂಚ್ ಕಾಯುತ್ತಿದ್ದ ನಮ್ಮ ಜನ ಆ ಸೇತುವೆಗಾಗಿ ದಶಕಗಟ್ಟಲೆ ಕೇಳಿದ್ದಾರೆ.

ಟೊರಾಂಟೊ ಕನ್ನಡತಿ

ಓದಿ ಕಣ್ಣು ತುಂಬಿತು ತಂಗಿ. ನೀವು ಬರೆದದ್ದನ್ನು ನಮ್ಮ ಮಕ್ಕಳಿಗೂ ಓದಿ ಹೇಳಿದೆ.

ಬಂಡೆ ನೋಡೋದರ ಬಗ್ಗೆ ಹುಬ್ಬಳ್ಳಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 1969ರಲ್ಲಿ ನಯಾಗರದ ಒಂದು ಭಾಗ, ಅಮೆರಿಕನ್ ಫಾಲ್ಸ್, ಅದನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಮೇಲೆ ಒಡ್ಡು ಹಾಕಿ ನೀರನ್ನು ಇನ್ನೊಂದು ಕಡೆಗೆ ತಿರುಗಿಸಿ, ಬಂಡೆ ಎಷ್ಟು ಸವೆದಿದೆ ಅಂತ ಪರೀಕ್ಷೆ ಮಾಡಿದರು. ಆ ಒಣ ಜಲಪಾತ ನೋಡೋಕೂ ಜನ ಬಂದಿದ್ದರು. ಹಾಗಾಗಿ ಮೇ ತಿಂಗಳ ಜೋಗ ನೋಡುವವರನ್ನು ನಾನು ತಡೆಯಲ್ಲ. ಮೊದಲ ಸಲ ನೋಡುವವರಿಗೆ ಮಾತ್ರ ಬೇಡ.

ತುಮಕೂರು ಗೃಹಿಣಿ

ಎಲ್ಲರಿಗೂ ಕೈ ಮುಗಿದೆ. ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ನಮ್ಮನೆಯವರಿಗೆ ಓದಿ ಹೇಳಿದೆ. ಹಿನ್ನೀರಿನ ತಂಗಿ ಬರೆದದ್ದನ್ನು ಎರಡು ಸಲ ಓದಿಸಿದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಸಾಗರದ ಅಕ್ಕ ಹೇಳಿದ ಹಾಗೇ ಮಾಡುತ್ತೇವೆ. ಮೇನಲ್ಲಿ ದೇವರಾಯನದುರ್ಗಕ್ಕೆ ಹೋಗಿ ನರಸಿಂಹಸ್ವಾಮಿ ದರ್ಶನ, ಮಕ್ಕಳ ಜೊತೆ ಊಟ. ಜೋಗಕ್ಕೆ ಆಶ್ಲೇಷ ಮಳೆಯಲ್ಲಿ. ರಜೆ ಈಗಲೇ ಬರೆದುಕೊಟ್ಟಿದ್ದಾರೆ. ಮಂಜಿನ ವಿಷಯ ಮಾತ್ರ ಇನ್ನೂ ಹೆದರಿಕೆ ಇದೆ. ರೈಲು, ವಸತಿ ಬಗ್ಗೆಯೂ ಹೇಳಿ.

ತಾಳಗುಪ್ಪದವನು

ರೈಲು ಸುಲಭ ಅಕ್ಕ. ಮೈಸೂರಿನಿಂದ ಬೆಂಗಳೂರು, ತುಮಕೂರು, ಅರಸೀಕೆರೆ, ಶಿವಮೊಗ್ಗ ಮೇಲೆ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ತಾಳಗುಪ್ಪವೇ ಕೊನೆಯ ನಿಲ್ದಾಣ. ಹಾಗಾಗಿ ನಿದ್ದೆಯಲ್ಲಿ ಊರು ದಾಟಿಹೋಗುವ ಭಯ ಇಲ್ಲ. ತುಮಕೂರಿಗೆ ಮಧ್ಯರಾತ್ರಿಯ ಮೇಲೆ ಬರುತ್ತದೆ. ಸಮಯ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಶಿವಮೊಗ್ಗ ದಾಟಿದ ಮೇಲೆ ಬೆಳಕು ಹರಿದಿದ್ದರೆ ಕಿಟಕಿ ಬಿಡಬೇಡಿ. ನಿಲ್ದಾಣದಿಂದ ಜೋಗಕ್ಕೆ ಸುಮಾರು 15 ಕಿಲೋಮೀಟರ್, ಆಟೋ, ಬಸ್ ಎರಡೂ ಸಿಗುತ್ತವೆ.

ವಸತಿಗೆ ಜೋಗದಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ಗೇರುಸೊಪ್ಪ ಇದೆ. ತಾಳಗುಪ್ಪ, ತಲವಾಟ, ಸಾಗರ ಸುತ್ತಮುತ್ತ ತೋಟದ ಮನೆಗಳಲ್ಲಿ ಹೋಮ್‌ಸ್ಟೇ ಇವೆ. ಗಲಾಟೆ ಬೇಡ ಅಂದರೆ ಎರಡನೆಯದೇ ಸರಿ. ಒಂದೇ ಮಾತು, ಶನಿವಾರ ಭಾನುವಾರ ಬರಬೇಡಿ. ಆಗಸ್ಟ್ 15ರ ಆಸುಪಾಸಂತೂ ಬೇಡವೇ ಬೇಡ. ವಾಹನಗಳ ಸಾಲಿನಲ್ಲೇ ದಿನ ಹೋಗುತ್ತದೆ. ಹೊರಡುವ ಮುಂಚೆ ಪ್ರವೇಶ ಇದೆಯಾ ಅಂತಲೂ ವಿಚಾರಿಸಿ. ಕಾಮಗಾರಿಗಾಗಿ 2025ರ ಆರಂಭದಲ್ಲಿ ಕೆಲಕಾಲ ಮುಚ್ಚಿದ್ದರು.

ಇನ್ನು ಮಂಜು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜನ ಸೋಲುವುದು ಇಲ್ಲೇ. ಕಣಿವೆಯಿಂದ ಮಂಜು ಮೇಲೇಳುತ್ತದೆ. ಬೆಳಗಿನ ಹೊತ್ತು ಎದುರಿಗೆ ಬರೀ ಬಿಳಿ. ಸದ್ದು ಮಾತ್ರ ಕೇಳುತ್ತದೆ. ಗಾಳಿ ಬೀಸಿದಾಗ ಪರದೆ ಸರಿದು ರಾಜ ಕಾಣುತ್ತದೆ. ಎರಡು ನಿಮಿಷ, ಐದು ನಿಮಿಷ, ಮತ್ತೆ ಮುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ರಾಣಿಯ ಕಡೆ ತೆರೆಯುತ್ತದೆ. ಕಾಯುವವರಿಗೆ ಕಾಣದೆ ಹೋದದ್ದನ್ನು ನಾನು ನೋಡಿಲ್ಲ. ಜೋಗಕ್ಕೆ ಒಂದು ಗಂಟೆ ಕೊಡುವವರು ಬರಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದು ರಾತ್ರಿಯಾದರೂ ಉಳಿಯಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಬಂದು ಕೂರಬೇಕು. ಇಬ್ಬರೇ ಬರುತ್ತಿದ್ದೀರಿ, ಅವಸರ ಮಾಡುವ ಮಕ್ಕಳಿಲ್ಲ. ಇದಕ್ಕಿಂತ ಒಳ್ಳೆಯ ಅವಕಾಶ ಯಾವುದಿದೆ?

ಹುಬ್ಬಳ್ಳಿ ಬುಲೆಟ್

ತಾಳಗುಪ್ಪದವರ ಮಾತಿಗೆ ನನ್ನ ಮತ. ಜೊತೆಗೆ ಆಚೆ ದಡವನ್ನೂ ನೋಡಿ ಅಕ್ಕಾರೆ. ನಾವು ಶಿರಸಿ, ಸಿದ್ದಾಪುರ ಮೇಲೆ ಬರುವವರು ಮೊದಲು ಅದನ್ನೇ ನೋಡುತ್ತೇವೆ. ಸೇತುವೆ ದಾಟಿ ಉತ್ತರ ಕನ್ನಡದ ಕಡೆಗೆ ಹೋದರೆ ಬ್ರಿಟಿಷರ ಕಾಲದ ಬಾಂಬೆ ಬಂಗಲೆ ಇದೆ. ಆಗ ಆ ದಡ ಮುಂಬೈ ಪ್ರಾಂತ್ಯದ್ದು, ಈ ದಡ ಮೈಸೂರು ಸಂಸ್ಥಾನದ್ದು. ಅಲ್ಲಿಂದ ರಾಜ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ, ಕಣಿವೆಯ ಆಳವೂ ತಿಳಿಯುತ್ತದೆ.

ಬೇಲಿ ದಾಟಿ ಬಂಡೆ ಮೇಲೆ ಮಾತ್ರ ಯಾರೂ ಹೋಗಬಾರದು. ಪಾಚಿ ಹಿಡಿದಿರುತ್ತದೆ. ಅಲ್ಲಿ ಜೀವ ಹೋಗಿವೆ. ಫೋಟೋಕ್ಕೆ ಅಂತ ಹುಡುಗರು ಅಂಚಿಗೆ ಹೋಗೋದು ಕಂಡರೆ ಹೊಟ್ಟೆ ಉರಿಯುತ್ತದೆ.

ಸಾಗರದ ಅಕ್ಕ

ಉಂಬಳಕ್ಕೆ, ಅಂದರೆ ಜಿಗಣೆಗೆ, ತಯಾರಾಗಿ ಬನ್ನಿ. ರಸ್ತೆಯಲ್ಲಿ ಇರಲ್ಲ, ಹುಲ್ಲಿಗೆ, ತೋಟಕ್ಕೆ ಕಾಲಿಟ್ಟರೆ ಹತ್ತುತ್ತವೆ. ಸುಣ್ಣ, ಹೊಗೆಸೊಪ್ಪು ಸವರಿಕೊಂಡರೆ ಹತ್ತಿರ ಬರಲ್ಲ. ಹತ್ತಿದ್ದರೆ ಉಪ್ಪು ಹಾಕಿ, ಬಿಡುತ್ತದೆ. ಬೇಗ ಒಣಗುವ ಬಟ್ಟೆ ತನ್ನಿ. ಜೀನ್ಸ್ ನೆಂದರೆ ಮೂರು ದಿನಕ್ಕೂ ಒಣಗಲ್ಲ. ವೀಕ್ಷಣಾ ಸ್ಥಳದಲ್ಲಿ ಮಂಗಗಳಿವೆ, ಕೈಯಲ್ಲಿ ತಿಂಡಿ ಹಿಡಿದು ನಿಲ್ಲಬೇಡಿ.

ಊಟಕ್ಕೆ ಹೋಮ್‌ಸ್ಟೇಯವರಿಗೆ ಮೊದಲೇ ಹೇಳಿ ಮನೆ ಅಡುಗೆ ಮಾಡಿಸಿಕೊಳ್ಳಿ. ಮಳೆಗಾಲದಲ್ಲಿ ಕಳಲೆ ಪಲ್ಯ, ಪತ್ರೊಡೆ, ಬಿಸಿ ಅನ್ನಕ್ಕೆ ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಹೋಟೆಲಿನಲ್ಲಿ ಇದು ಸಿಗೋದು ಕಷ್ಟ. ಹೊರಡುವಾಗ ನಮ್ಮ ಕಡೆಯ ಸಿಹಿತಿಂಡಿ ತೊಡದೇವು ಕಟ್ಟಿಸಿಕೊಳ್ಳಿ.

ತುಮಕೂರು ಗೃಹಿಣಿ

ಹೋಗಿ ಬಂದೆವು! ಎಲ್ಲರಿಗೂ ವಿವರವಾಗಿ ಬರೆಯಲೇಬೇಕು.

ತಾಳಗುಪ್ಪದಲ್ಲಿ ಇಳಿದಾಗ ಹನಿಯುತ್ತಿತ್ತು. ಹೋಮ್‌ಸ್ಟೇಯಲ್ಲಿ ತಿಂಡಿ ತಿಂದು ಜೋಗಕ್ಕೆ ಹೋದರೆ ಎದುರಿಗೆ ಏನೂ ಇಲ್ಲ. ಬಿಳಿ ಗೋಡೆ. ಪಕ್ಕದಲ್ಲಿದ್ದ ಒಂದು ಗುಂಪು ಹತ್ತು ನಿಮಿಷಕ್ಕೆ ಹೊರಟುಹೋಯಿತು. ನಾವು ಕೊಡೆ ಹಿಡಿದು ಕೂತೆವು. ಸದ್ದು ಕೇಳುತ್ತಿತ್ತು. ಕಿವಿಗಿಂತ ಎದೆಗೆ ಮೊದಲು ಗೊತ್ತಾಗುವ ಸದ್ದು. ನಮ್ಮನೆಯವರು ಅದನ್ನು ಕೇಳಿ, ಟ್ರಾನ್ಸ್‌ಫಾರ್ಮರ್ ಪಕ್ಕ ಇಷ್ಟು ವರ್ಷ ಕೂತವನಿಗೆ ಇದು ಹೊಸದಲ್ಲ ಅಂದರು. ಕೈಯಲ್ಲಿ ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು.

ಗಾಳಿ ಬಂತು. ಮೊದಲು ರಾಜನ ತುದಿ ಕಂಡಿತು, ಆಮೇಲೆ ನಿಧಾನಕ್ಕೆ ಪೂರ್ತಿ. ಕೆಂಪು ನೀರು, ಕಾಫಿ ಬಣ್ಣದ್ದು, ಎತ್ತರದಿಂದ ಬೀಳುತ್ತ ಬೀಳುತ್ತ ಬೆಳ್ಳಗಾಗುತ್ತದೆ. ಅಷ್ಟು ದೂರ ಬೀಳೋಕೆ ಎಷ್ಟು ಹೊತ್ತು ಬೇಕು ಅಂತ ಕಣ್ಣಲ್ಲೇ ಒಂದು ತುಣುಕು ನೀರನ್ನು ಹಿಡಿದು ಹಿಂಬಾಲಿಸಿದೆ. ಕೆಳಗೆ ಮುಟ್ಟುವ ಮುಂಚೆಯೇ ಅದು ತುಂತುರಾಗಿ ಹೋಯಿತು. ಮತ್ತೆ ಮುಚ್ಚಿತು. ಮಧ್ಯಾಹ್ನ ಬಂದಾಗ ನಾಲ್ಕೂ ಒಟ್ಟಿಗೆ ಕಂಡವು. ಗೇಟ್ ತೆಗೆದಿರಲಿಲ್ಲ. ಬರೀ ಹಳ್ಳಗಳ ನೀರಿಗೇ ಹೀಗೆ!

ಮಳೆ ಬಿಟ್ಟ ಹೊತ್ತಿಗೆ ಕಣಿವೆಯ ಕಡೆ ಇಳಿಯುವ ದೊಡ್ಡ ಕೊಳವೆಗಳನ್ನು ಅವರೇ ನನಗೆ ತೋರಿಸಿದರು. ನೀರು ಎಷ್ಟು ಎತ್ತರದಿಂದ ಬಿದ್ದರೆ ಯಂತ್ರಕ್ಕೆ ಎಷ್ಟು ಬಲ, ಲೈನಿನ ಫ್ರೀಕ್ವೆನ್ಸಿ 50 ಹರ್ಟ್ಜ್‌ನಿಂದ ಕೆಳಗಿಳಿದಾಗ ರಾತ್ರಿ ಪಾಳಿಯಲ್ಲಿ ಅವರ ಫೋನ್ ಹೇಗೆ ಬಡಿದುಕೊಳ್ಳುತ್ತಿತ್ತು, ಎಲ್ಲ ಹೇಳಿದರು. ಮದುವೆಯಾದಾಗಿನಿಂದ ರಾತ್ರಿ ಪಾಳಿ ಅಂದರೆ ನನಗೆ ಒಬ್ಬಳೇ ಮಲಗೋದು ಅಷ್ಟೇ ಆಗಿತ್ತು. ಅಲ್ಲಿ ಏನು ನಡೆಯುತ್ತದೆ ಅಂತ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮೀಟರಿನ ಮುಳ್ಳಿನಲ್ಲಿ ನೋಡುತ್ತಿದ್ದದ್ದು ಈ ನೀರನ್ನೇ ಅಂದಾಗ ಅವರ ಮುಖ ನೋಡಬೇಕಿತ್ತು.

ಹಿನ್ನೀರಿನ ತಂಗಿ, ಹೊನ್ನೆಮರಡುವಿಗೂ ಹೋಗಿದ್ದೆವು. ನೀವು ಹೇಳಿದ್ದು ನೆನಪಿತ್ತು. ನೀರಿನ ನಡುವೆ ಅಲ್ಲಲ್ಲಿ ಕಾಣುವ ನಡುಗಡ್ಡೆಗಳು ಹಿಂದೆ ಗುಡ್ಡದ ನೆತ್ತಿಗಳು ಅಂತ ಅಲ್ಲಿಯವರು ಹೇಳಿದರು. ನಮ್ಮನೆಯವರು ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಹೋಗಿ ನಮಸ್ಕಾರ ಮಾಡಿದರು. ಇಕ್ಕೇರಿಯನ್ನೂ ನೋಡಿದೆವು. ಸೀರೆಯೂ ಬಂತು ಸಾಗರದ ಅಕ್ಕ, ಅಡಿಕೆಯ ಬಣ್ಣ ಹಾಕಿದ್ದು!

ಹಿನ್ನೀರಿನ ಮಗಳು

ಅಮ್ಮನಿಗೆ ಓದಿ ಹೇಳಿದೆ. ನಿಮ್ಮಿಬ್ಬರನ್ನೂ ಮುಂದಿನ ಸಲ ಮನೆಗೆ ಊಟಕ್ಕೆ ಕರೆಯಬೇಕಂತೆ. ಬರಲೇಬೇಕು.

ಕಾರ್ಗಲ್ ಕಾಲೋನಿ

ಅಪ್ಪನಿಗೂ ಓದಿದೆ ಮೇಡಂ. ಯಜಮಾನರಿಗೆ ವಿದ್ಯುದಾಗಾರ ಒಳಗಿಂದ ನೋಡುವ ಆಸೆ ಇದ್ದರೆ ಇಲಾಖೆಯ ಮೂಲಕ ಮೊದಲೇ ಅನುಮತಿ ಕೇಳಲಿ. ಅನುಮತಿ ಇಲ್ಲದೆ ಬಿಡುವುದಿಲ್ಲ. ಹಳೆಯ ಯಂತ್ರಗಳನ್ನು ಅವರಂಥವರು ನೋಡಬೇಕು.

ಮಂಡ್ಯದ ಮಗ

ನಮ್ಮ ಅಪ್ಪ ಅಮ್ಮನ 40ನೇ ವರ್ಷ ಅಕ್ಟೋಬರ್‌ನಲ್ಲಿ. ಇಬ್ಬರಿಗೂ ವಯಸ್ಸಾಗಿದೆ, ಜೋರು ಮಳೆಯಲ್ಲಿ ಕರೆದುಕೊಂಡು ಹೋಗೋಕೆ ಧೈರ್ಯ ಇಲ್ಲ. ಅಕ್ಟೋಬರ್‌ನಲ್ಲಿ ನೀರು ಇರುತ್ತದಾ ಅಣ್ಣ?

ತಾಳಗುಪ್ಪದವನು

ಮಳೆ ಚೆನ್ನಾಗಿ ಬಂದ ವರ್ಷ ಇರುತ್ತದೆ, ಆಗಸ್ಟ್‌ನಷ್ಟು ಅಲ್ಲ. 2023ರಂಥ ಬರಗಾಲದ ವರ್ಷವಾದರೆ ನಿರೀಕ್ಷೆ ಬೇಡ. ವಯಸ್ಸಾದವರಿಗೆ ಅಕ್ಟೋಬರ್ ಒಳ್ಳೆಯದೇ. ಮಂಜು ಕಡಿಮೆ, ನಡೆಯುವ ದಾರಿ ಒಣಗಿರುತ್ತದೆ, ಬಿಸಿಲು ಬಿದ್ದರೆ ತುಂತುರಿನಲ್ಲಿ ಕಾಮನಬಿಲ್ಲು ಕಾಣುತ್ತದೆ. ದಸರಾ ರಜೆ ತಪ್ಪಿಸಿ, ವಾರದ ನಡುವೆ ಬನ್ನಿ. ಸೆಪ್ಟೆಂಬರ್ ಕೊನೆಗೆ ಇಲ್ಲೇ ಒಂದು ಸಾಲು ಹಾಕಿ. ಅಷ್ಟರಲ್ಲಿ ಲಿಂಗನಮಕ್ಕಿ ಎಷ್ಟು ಅಡಿಗೆ ಬಂದಿದೆ ಅಂತ ಗೊತ್ತಾಗಿರುತ್ತದೆ. ಪೂರ್ಣ ಮಟ್ಟ 1819 ಅಡಿ. ನಾನು ಹೋಗಿ ನೋಡಿಕೊಂಡು ಬಂದು, ಟಿಕೆಟ್ ಮಾಡಬಹುದಾ ಅಂತ ಹೇಳುತ್ತೇನೆ.